ಅವ್ವ ಹೊಲಿದ ಪಾಠ

ನಮ್ಮ ಮನೆಯಲ್ಲಿ ಅವ್ವ ಕೈಗಡಿಯಾರ ಕಟ್ಟಿಕೊಂಡರೆ ಟೀಚರ್, ಬಿಚ್ಚಿಟ್ಟರೆ ಅವ್ವ. ಬೆಳಿಗ್ಗೆ ರೊಟ್ಟಿ ಬಡಿದು ಮುಗಿಸಿ, ಕೈಗೆ ಹತ್ತಿದ ಹಿಟ್ಟು ತೊಳೆದು, ಗೂಟದ ಮೇಲಿನ ಗಡಿಯಾರ ಕಟ್ಟಿಕೊಂಡು ಅವಳು ನಡುಮನೆಗೆ ಬಂದಳೆಂದರೆ ನಾನೂ ಅಣ್ಣನೂ ಜಮಖಾನದ ಮೇಲೆ ಎದ್ದು ನಿಲ್ಲಬೇಕು. ಇದ್ದವರೇ ಇಬ್ಬರು, ಆದರೂ ದಿನಾ ಹಾಜರಿ ಕೂಗುತ್ತಿದ್ದಳು. "ಕೃಪಾ" ಎಂದರೆ "ಹಾಜರ್ರಿ ಟೀಚರ್" ಅನ್ನಬೇಕು. ಬಾಯಿ ತಪ್ಪಿ "ಅವ್ವಾ, ನೀರು" ಅಂದರೆ ಕೇಳಿಸದವಳ ಹಾಗೆ ಕರಿಹಲಗೆಯ ಕಡೆ ತಿರುಗಿಬಿಡುತ್ತಿದ್ದಳು. ಮಗ್ಗಿ ತಪ್ಪಿದ್ದಕ್ಕೆ ಬೆರಳ ಗಿಣ್ಣಿನ ಮೇಲೆ ಹೊಡೆಯುವವಳು ಟೀಚರ್, ಮಧ್ಯಾಹ್ನ ಗಡಿಯಾರ ಬಿಚ್ಚಿಟ್ಟು ಅದೇ ಬೆರಳಿಗೆ ಕೊಬ್ಬರಿ ಎಣ್ಣೆ ಸವರುವವಳು ಅವ್ವ. ಇಬ್ಬರೂ ಬೇರೆ ಬೇರೆ ಹೆಂಗಸರೆಂದೇ ನಾನು ಬಹಳ ದಿನ ನಂಬಿದ್ದೆ. ಊರಿಗೆ ಆಗಿನ್ನೂ ಗುಲಬರ್ಗಾ ಎಂಬ ಹೆಸರು. ನಮ್ಮ ಮನೆ ಸೇಡಂ ರಸ್ತೆಯಿಂದ ಒಳಗೆ ಸರಿದ ಓಣಿಯಲ್ಲಿತ್ತು. ಮೂರು ಕೋಣೆ, ಉದ್ದಕ್ಕೂ ಪರಸಿಕಲ್ಲಿನ ನೆಲ, ಹಿಂದೆ ಒಂದು ನಳ. ಬೇಸಿಗೆಯ ಮಧ್ಯಾಹ್ನ ಆ ಕಲ್ಲಿನ ಮೇಲೆ ನೀರು ಚೆಲ್ಲಿ, ಒದ್ದೆ ನೆಲದ ಮೇಲೆ ಹೊಟ್ಟೆ ಹಚ್ಚಿ ಮಲಗಿ ನಾವು ಭೂಗೋಳ ಓದುತ್ತಿದ್ದೆವು. ಪಕ್ಕದ ಮನೆಯ ರಜಿಯಾ ಖಾಲಾ ವಾರಕ್ಕೊಮ್ಮೆಯಾದರೂ ಗೋಡೆಯ ಮೇಲಿಂದ ತಲೆ ಹಾಕಿ ಕೇಳುತ್ತಿದ್ದಳು.

"ಬಚ್ಚೋಂಕು ಸಾಲಿಗಿ ಯಾಕ ಕಳಸಂಗಿಲ್ರಿ ಬಾಯಿ?"

"ಇಲ್ಲೇ ಸಾಲಿ ಅದಲ್ರೀ ಖಾಲಾ. ಘಂಟಿ ಕೇಳಿಸಂಗಿಲ್ಲೇನು?" ಎಂದು ಅವ್ವ ಹಿತ್ತಾಳೆಯ ಗಂಟೆಯನ್ನು ಇನ್ನೊಮ್ಮೆ ಬಾರಿಸುತ್ತಿದ್ದಳು.

ನಿಜವಾದ ಕಾರಣವನ್ನು ಅವ್ವ ಖಾಲಾಗೆ ಯಾವತ್ತೂ ಹೇಳಲಿಲ್ಲ. ಅಣ್ಣ ಸುಧಾಕರ ಮೂರನೆಯ ಇಯತ್ತೆಯವರೆಗೆ ಹೊರಗಿನ ಶಾಲೆಗೆ ಹೋಗಿದ್ದ. ಅಲ್ಲಿನ ಗೋಡೆಗೆ ಒಂದು ಚಿತ್ರಪಟ ತೂಗುಹಾಕಿದ್ದರು. ಬಗ್ಗಿದ ಮಂಗ, ಅದರ ಮುಂದೆ ಅರ್ಧ ಎದ್ದ ಮಂಗ, ಹೀಗೆ ಸಾಲಾಗಿ ನಡೆಯುತ್ತ ಕೊನೆಗೆ ನೆಟ್ಟಗೆ ನಿಂತ ಮನುಷ್ಯ. ಅಣ್ಣನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಯಾವ ಊರಿನ ಯಾವ ಓಣಿಯವನು ಎಂದು ಮಾಸ್ತರ ಅದೇ ವಾರ ವಿಚಾರಿಸಿಕೊಂಡಿದ್ದನಂತೆ. ಅಣ್ಣ ಲೆಕ್ಕ ತಪ್ಪು ಮಾಡಿದಾಗ ಅವನು ಬೆತ್ತವನ್ನು ಆ ಸಾಲಿನ ನಡುವಿನ ಚಿತ್ರದ ಮೇಲೆ ಇಟ್ಟು, "ಸುಧಾಕರ ಇಲ್ಲಿತನಕ ಬಂದಾನ, ಇನ್ನಾ ಪೂರಾ ಮನಷ್ಯಾ ಆಗಿಲ್ಲ" ಅಂದ. ಇಡೀ ವರ್ಗ ನಕ್ಕಿತು. ಅಣ್ಣ ಅಳಲಿಲ್ಲ. ಸಂಜೆ ಊಟಕ್ಕೆ ಕೂತಾಗ ಬಹಳ ಗಂಭೀರವಾಗಿ ಕೇಳಿದ.

"ಅಪ್ಪಾ, ನಾ ಯಾವ ಚಿತ್ರದಾಗ ಅದೀನಿ?"

ಮಾಸ್ತರನ ಮಾತು ಹೊರಗೆ ಬಂದದ್ದು ಆಗ. ಅಪ್ಪ ಕೈತೊಳೆದು ಎದ್ದುಬಿಟ್ಟ. ಅವನ ತಾಟಿನಲ್ಲಿ ಪುಂಡಿಪಲ್ಯ ಹಾಗೇ ಉಳಿಯಿತು. ಮರುದಿನ ಹೋಗಿ ಅಣ್ಣನ ಹೆಸರು ತೆಗೆಸಿಕೊಂಡು ಬಂದ. ನಾನಂತೂ ಶಾಲೆಯ ಬಾಗಿಲನ್ನೇ ಕಂಡವಳಲ್ಲ.

ಅಪ್ಪ ಸೇಡಂ ರಸ್ತೆಯ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿದ್ದ. ಮಾತು ಕಡಿಮೆ. ನಾಲ್ಕು ಜನರ ಮುಂದೆ ಏನಾದರೂ ಹೇಳಬೇಕಾದರೆ ತಡವರಿಸುತ್ತಿದ್ದ, ಕೊರಳು ಕೆಂಪಾಗುತ್ತಿತ್ತು. ಆದರೆ ಓದಲು ಕೂತನೆಂದರೆ ಅವನೇ ಬೇರೆ. ದಿನಾ ಸಂಜೆ ಕಬ್ಬಿಣದ ಕುರ್ಚಿಯಲ್ಲಿ ಕೂತು, ನಾವು ಚಾಪೆಯ ಮೇಲೆ ಕೂತಿರಲು, ಅವನು ವಾಕ್ಯ ಓದುತ್ತಿದ್ದ. ಬೈಬಲ್ಲಿಗೆ ನಮ್ಮ ಮನೆಯಲ್ಲಿ ವಾಕ್ಯ ಅಂತಲೇ ಹೆಸರು. ದನಿ ದೊಡ್ಡದಲ್ಲ, ನಿಧಾನ. ಪ್ರತಿ ಶಬ್ದವನ್ನೂ ಎರಡು ಕೈಯಿಂದ ಎತ್ತಿ ನಮ್ಮ ಮುಂದೆ ಇಟ್ಟ ಹಾಗೆ. ಆ ದನಿ ಅವನಿಗೆ ಮುತ್ಯಾನಿಂದ ಬಂದದ್ದು. ಕಮಲಾಪುರದಲ್ಲಿ ಗೌಡರ ದನ ಕಾಯುತ್ತಿದ್ದ ಮುತ್ಯಾನನ್ನು ಆ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲವಂತೆ. ದನಗಳಿಗೆ ಹೆಸರಿದ್ದವು, ಅವನಿಗೆ ಇರಲಿಲ್ಲ. ಮೀಸೆ ಬಂದ ಮೇಲೆ, ಊರಿಗೆ ಬಂದ ಒಬ್ಬ ಬೋಧಕರ ಹತ್ತಿರ ಅಕ್ಷರ ಕಲಿತ. ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲೇ ಮಾಡಿದ ಎಂಬ ಮಾತನ್ನು ಮೊಟ್ಟಮೊದಲು ತಾನೇ ಓದಿದ ದಿನ, ಓಣಿಯ ಮನೆಮನೆಯ ಮುಂದೆ ನಿಂತು ಅದೊಂದನ್ನೇ ಓದಿದನಂತೆ. ಅಪ್ಪ ಅವನ ತೊಡೆಯ ಮೇಲೆ ಕೂತು ಓದು ಕಲಿತವನು. ಅದಕ್ಕೇ ಅಪ್ಪನಿಗೆ ಓದಲು ಬರುತ್ತಿದ್ದ ದನಿ ಅದೊಂದೇ. ಪೇಪರಿನ ಜಾಹೀರಾತು, ಗುಳಿಗೆಯ ಚೀಟಿ, ಕರೆಂಟ್ ಬಿಲ್ಲು, ಏನು ಕೊಟ್ಟರೂ ಅದೇ ನಿಧಾನ, ಅದೇ ಭಕ್ತಿ.

"ಬಿಲ್ಲಿಗೂ ಆಮೆನ್ ಅನಬೇಕೇನ್ರಿ?" ಎಂದು ಅವ್ವ ಕಾಡುತ್ತಿದ್ದಳು. ಅಪ್ಪನೂ ನಗುತ್ತಿದ್ದ. ಆ ನಗುವನ್ನು ನಾನು ಇಲ್ಲಿ ಮೊದಲೇ ಬರೆದಿಡುತ್ತೇನೆ, ಮುಂದೆ ಅದು ಹೆಚ್ಚು ಸಿಗುವುದಿಲ್ಲ.

ಮನೆಯಲ್ಲೇ ಓದಿದ ಮಕ್ಕಳು ಓಪನ್ ಸ್ಕೂಲ್ ಪರೀಕ್ಷೆಗೆ ಕೂರಬೇಕಿತ್ತು. ಅದಕ್ಕೆ ವಿಜ್ಞಾನದ ಪುಸ್ತಕ ಬೇಕು, ಆ ಪುಸ್ತಕದಲ್ಲಿ ಜೀವವಿಕಾಸದ ಪಾಠ ಇದ್ದೇ ಇರುತ್ತದೆ. ನಾವು ಹೋಗುತ್ತಿದ್ದ ಕೋಟನೂರಿನ ತಗಡಿನ ಚಾವಣಿಯ ಸಭೆಯಲ್ಲಿ ನಮ್ಮ ಹಾಗೆ ಮಕ್ಕಳನ್ನು ಮನೆಯಲ್ಲಿ ಓದಿಸುವವರು ಇನ್ನೆರಡು ಮನೆಯವರಿದ್ದರು. ಆರಾಧನೆ ಮುಗಿದು ಚಹಾ ಕುಡಿಯುವಾಗ ಗಂಡಸರಿಗೆ ಇದೇ ಚರ್ಚೆ. ಮಕ್ಕಳಿಗೆ ಅದನ್ನು ಯಾವಾಗ ಹೇಳಬೇಕು, ಯಾರು ಹೇಳಬೇಕು, ಹೇಗೆ ಹೇಳಬೇಕು. ಒಬ್ಬರು ಆ ಹಾಳೆಗಳನ್ನೇ ಹರಿದುಹಾಕಿದ್ದರು. ಇನ್ನೊಬ್ಬರು, ಮದುವೆಯಾಗುವ ತನಕ ಆ ಮಾತೇ ಬೇಡ ಅನ್ನುತ್ತಿದ್ದರು. ಅಪ್ಪನ ವಿಚಾರ ಬೇರೆ. ಅದನ್ನು ಅವನು ಮನೆಗೆ ಬಂದು ಅವ್ವನಿಗೆ ಹೇಳಿದ.

"ಹರಿಯೂದು ಬ್ಯಾಡ. ಹರಿದ್ರ ಹುಡುಗೂರು ಹರದ ಹಾಳಿನೇ ಹುಡಕ್ತಾವ. ಹದಿಮೂರು ತುಂಬಲಿ, ನಾನೇ ಓದಿ ಹೇಳ್ತೇನಿ. ಸೂಜಿ ಹಾಕ್ತಾರಲ್ಲ, ಹಂಗ. ರೋಗದ್ದೇ ಒಂದು ಹನಿ ಮೈಯಾಗ ಬಿಟ್ರ ಮುಂದ ರೋಗ ಹತ್ತಂಗಿಲ್ಲ."

"ಅಲ್ಲೀತನಕ?"

"ಅಲ್ಲೀತನಕ ಹೊಲದಿಡು."

ಅವ್ವ ಕೌದಿ ಹೊಲಿಯುವ ದಪ್ಪ ಸೂಜಿ ತೆಗೆದುಕೊಂಡು, ಆ ಪಾಠದ ಹಾಳೆಗಳನ್ನು ಸೇರಿಸಿ ಮೂರೂ ಅಂಚಿಗೆ ಬಿಳಿ ದಾರ ಹಾಕಿದಳು. ಕೌದಿಗೆ ಹಾಕುವಂಥದೇ ಸಮನಾದ ಹೊಲಿಗೆ, ಮೂಲೆಯಲ್ಲಿ ಗಂಟು. ಅಣ್ಣ ಎಂಟನೆಯ ಪಾಠದಿಂದ ಹತ್ತನೆಯದಕ್ಕೆ ಹೋಗುವಾಗ ಆ ಗಟ್ಟಿ ಕಟ್ಟನ್ನು ಒಂದೇ ಸಲಕ್ಕೆ ಮಗುಚಿಹಾಕುತ್ತಿದ್ದ. ಅವ್ವ ಒಳಗೆ ಹೋದಾಗ ಇಬ್ಬರೂ ಒಂದು ಕಣ್ಣು ಮುಚ್ಚಿ ಹೊಲಿಗೆಯ ಸಂದಿಯಲ್ಲಿ ಇಣುಕುತ್ತಿದ್ದೆವು. ಕಾಣುತ್ತಿದ್ದದ್ದು ಒಂದು ಮೀನಿನ ಬಾಲ ಮಾತ್ರ. ಇಷ್ಟು ಕಾಯಿಸುವ ಮೀನು ಎಂಥದಿರಬಹುದು ಎಂದು ನನಗೆ ಬಹಳ ಕುತೂಹಲ. ಅಪ್ಪ ನನಗೂ ಒಂದು ದಿನ ಓದಿ ಹೇಳುತ್ತಾನೆ, ನನ್ನೊಬ್ಬಳಿಗಾಗಿ ಆ ಕುರ್ಚಿಯಲ್ಲಿ ಕೂರುತ್ತಾನೆ ಎಂಬುದು ಅದಕ್ಕಿಂತ ದೊಡ್ಡ ಆಸೆ.

ಅಣ್ಣನಿಗೆ ಹದಿಮೂರು ತುಂಬಿದ್ದು ಒಂದು ಭಾನುವಾರ. ಅವ್ವ ಶಾವಿಗೆ ಪಾಯಸ ಮಾಡಿದ್ದಳು. ಊಟವಾದ ಮೇಲೆ ಅಪ್ಪ ಇಸ್ತ್ರಿ ಮಾಡಿದ ಅಂಗಿಯಲ್ಲೇ ಕುರ್ಚಿಯಲ್ಲಿ ಕೂತ, ಪ್ರಾರ್ಥನೆ ಮಾಡಿದ, ಲ್ಯಾಬಿನಿಂದ ತಂದ ಸಣ್ಣ ಕತ್ತರಿಯಿಂದ ದಾರ ಕತ್ತರಿಸಿದ. ನಾನು ಇನ್ನೂ ಚಿಕ್ಕವಳೆಂದು ಅಡುಗೆಮನೆಗೆ ಅಟ್ಟಿದರು. ಬಾಗಿಲ ಹಿಂದೆ ಬೆಳ್ಳುಳ್ಳಿ ಸುಲಿಯುತ್ತ ಕೂತೆ. ಅಪ್ಪ ಓದತೊಡಗಿದ. ಎಷ್ಟೋ ಕೋಟಿ ವರ್ಷಗಳ ಹಿಂದೆ ನೀರಿನಲ್ಲಿ ಸಣ್ಣ ಜೀವವೊಂದು ಮಿಸುಕಿತು ಎಂಬಲ್ಲಿಂದ ಶುರುವಾಯಿತು. ಮೀನು ಬಂತು, ದಂಡೆಗೆ ತೆವಳಿತು, ರೆಕ್ಕೆ ಬಂತು, ಕೂದಲು ಬಂತು. ಅದೇ ದನಿ. ಪ್ರತಿ ಶಬ್ದವನ್ನೂ ಎರಡು ಕೈಯಿಂದ ಎತ್ತಿ ಇಡುವ ಅದೇ ದನಿ. ನನ್ನ ಕೈಯಲ್ಲಿ ಬೆಳ್ಳುಳ್ಳಿ ನಿಂತುಹೋಯಿತು. ಒಲೆಯ ಮುಂದಿದ್ದ ಅವ್ವ ಸೌಟು ಹಿಡಿದವಳು ಹಿಡಿದ ಹಾಗೇ ಇದ್ದಳು. ಒಂದು ಭಾಗ ಮುಗಿದಾಗ ನಾನು ರೂಢಿಯಂತೆ "ಆಮೆನ್" ಅಂದುಬಿಟ್ಟೆ, ಅವ್ವ ನನ್ನ ಬಾಯಿ ಮುಚ್ಚಿದಳು. ಅಪ್ಪನಿಗೆ ಸುಳ್ಳನ್ನು ಓದುವ ದನಿ ಬೇರೆ ಇರಲಿಲ್ಲ, ಅದು ಅವನಿಗೂ ಗೊತ್ತಿರಲಿಲ್ಲ. ಓದು ಮುಗಿದ ಮೇಲೆ ಇದೆಲ್ಲ ಯಾಕೆ ತಪ್ಪು ಎಂದು ಅವನು ತನ್ನ ಮಾತಿನಲ್ಲಿ ಹೇಳಬೇಕಿತ್ತು. ಆಗ ತಡವರಿಸಿದ. ಎರಡು ಸಲ ನೀರು ಕೇಳಿದ. ಮೂರು ಮಾತಿನಲ್ಲಿ ಮುಗಿಸಿಬಿಟ್ಟ.

"ಏನ್ ತಿಳೀತು ಹೇಳು, ಸುಧಾ."

ಅಣ್ಣನ ದನಿಯಲ್ಲಿ ಖುಷಿ ಇತ್ತು. ಅದು ನನಗೆ ಇವತ್ತಿಗೂ ಕೇಳಿಸುತ್ತದೆ.

"ಅಪ್ಪಾ, ಮಾಸ್ತರ ಸುಳ್ಳ ಹೇಳಿದ್ದ. ಇದರಾಗ ಒಬ್ಬರು ಮುಂದ, ಒಬ್ಬರು ಹಿಂದ ಅಂತ ಇಲ್ಲೇ ಇಲ್ಲ. ಎಲ್ಲಾರೂ ಒಂದೇ ಬಳಗ ಅಂತ ಅದ. ಮಾಸ್ತರನೂ ನಮ್ಮ ಬಳಗದಾಂವೇ."

"ಅಂದ್ರ ಇದು ಖರೇ ಅಂತೀ?"

"ನೀನೇ ಓದಿದ್ಯಲ್ಲಪ್ಪಾ."

ನಾನು ಬಾಗಿಲ ಸಂದಿಯಿಂದ ನೋಡಿದೆ. ಅಪ್ಪನ ಕೊರಳು ಕೆಂಪಾಗಿತ್ತು.

"ನಿಮ್ಮ ಮುತ್ಯಾಗ ದನಾ ಅಂದ್ರಲ್ಲೋ ಆ ಗೌಡರು. ಮನಷ್ಯಾ ಅನಿಸಿಕೊಳ್ಳಾಕ ಅಂವಗ ಇಡೀ ಜನ್ಮ ಹಿಡೀತು. ನೀ ಒಂದ್ ತಾಸಿನ್ಯಾಗ ಅದನ್ನ ವಾಪಸ್ ಕೊಟ್ಟಿ."

"ನಾ ಏನ್ ಕೊಟ್ಟೇನಪ್ಪಾ? ಗೌಡರೂ ಅಲ್ಲಿಂದೇ ಬಂದಾರ ಅಂತ..."

ಅಪ್ಪ ಎದ್ದು ಹೊರಗೆ ಹೋಗಿದ್ದ. ಒಬ್ಬನು ಹೇಳಬೇಕೆಂದಿದ್ದದ್ದೂ ಇನ್ನೊಬ್ಬನು ಹೇಳಬೇಕೆಂದಿದ್ದದ್ದೂ ಒಂದೇ ಮಾತು ಎಂದು ನನಗೆ ಈಗ ಅನಿಸುತ್ತದೆ. ನಮ್ಮನ್ನು ಯಾರೂ ಕೆಳಗೆ ಹಾಕಲಾರರು ಎಂಬ ಮಾತು. ಅಪ್ಪನಿಗೆ ಅದು ವಾಕ್ಯದಲ್ಲಿ ಸಿಕ್ಕಿತ್ತು, ಅಣ್ಣನಿಗೆ ಪಾಠದಲ್ಲಿ ಸಿಕ್ಕಿತು. ಆ ಹೊತ್ತಿಗೆ ಅದನ್ನು ಬಿಡಿಸಿ ಹೇಳುವವರು ಯಾರೂ ಇರಲಿಲ್ಲ. ಸಂಜೆ ಅಪ್ಪ ಬಂದು ಅವ್ವನಿಗೆ "ಹೊಲಿ" ಎಂದಷ್ಟೇ ಹೇಳಿದ. ಅವ್ವ ಈ ಸಲ ಕರಿ ದಾರವನ್ನು ಎರಡೆಳೆ ಮಾಡಿ ಹೊಲಿದಳು. ಹೊಲಿಯುವಾಗ ಅವಳ ಕೈಯಲ್ಲಿ ಗಡಿಯಾರ ಇರಲಿಲ್ಲ.

ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ ಅಣ್ಣ ಆಮೆನ್ ಅನ್ನುವುದನ್ನು ಬಿಟ್ಟ. ವಾದ ಮಾಡುತ್ತಿರಲಿಲ್ಲ. ಬರುತ್ತಿದ್ದ, ಕೂರುತ್ತಿದ್ದ, ಸುಮ್ಮನಿರುತ್ತಿದ್ದ. ಅಪ್ಪ ಓದು ಮುಗಿಸಿ ಒಂದು ಕ್ಷಣ ಕಾಯುತ್ತಿದ್ದ. ಅವ್ವ ಮತ್ತು ನಾನು ಅಂದ ಮೇಲೂ ಕಾಯುತ್ತಿದ್ದ. ಆ ಕಾಯುವಿಕೆಯಷ್ಟು ಕಷ್ಟದ್ದು ನಮ್ಮ ಮನೆಯಲ್ಲಿ ಇನ್ನೊಂದಿರಲಿಲ್ಲ, ಜೋರಾಗಿ ಜಗಳವಾಡಿದ್ದರೇ ಚೆನ್ನಾಗಿತ್ತು. ಕೋಟನೂರಿನ ಸಭೆಯಲ್ಲಿ ಭಾನುವಾರದ ಓದು ಅಪ್ಪನದೇ ಇರುತ್ತಿತ್ತು. ಒಂದು ವಾರ ಅವನು ಅದನ್ನು ಒಲ್ಲೆ ಅಂದ. ಅವ್ವ ಬೇಡಿಕೊಂಡರೂ ಕೇಳಲಿಲ್ಲ.

"ಮನ್ಯಾಗ ಮಗಗ ಓದಿ ಓದಿನೇ ಕೆಡಿಸಿದಾಂವ, ಸಭಾಕ್ಕ ಏನ್ ಓದ್ಲಿ?"

ಮನೆಯಲ್ಲೂ ಓದುವುದನ್ನು ನಿಲ್ಲಿಸಿದ. ವಾಕ್ಯ ಓದುವ ಕೆಲಸ ಅವ್ವನ ಪಾಲಿಗೆ ಬಂತು. ಅವಳು ಅಕ್ಕಿ ಆರಿಸುವ ಹಾಗೆ ಬೇಗ ಬೇಗ ಓದಿ ಮುಗಿಸುತ್ತಿದ್ದಳು. ಕರೆಂಟ್ ಬಿಲ್ಲು ಬಂದರೆ ಅಪ್ಪ ಕಣ್ಣಲ್ಲೇ ನೋಡಿ ಜೇಬಿಗೆ ಹಾಕಿಕೊಳ್ಳುತ್ತಿದ್ದ. ನನಗೆ ಆಗ ದೇವರ ಬಗ್ಗೆಯಾಗಲಿ ಮಂಗನ ಬಗ್ಗೆಯಾಗಲಿ ಚಿಂತೆ ಇರಲಿಲ್ಲ. ಮನೆಯಿಂದ ಒಂದು ದನಿ ಹೋಗಿತ್ತು, ಅಷ್ಟೇ.

ಪರೀಕ್ಷೆ ಮುಗಿದ ವರ್ಷ ಅಣ್ಣ ಕಮಲಾಪುರಕ್ಕೆ, ಅಪ್ಪನ ತಾಯಿ ಆಯಿಯ ಮನೆಗೆ ಹೋದ. ಮುತ್ಯಾ ತೀರಿಕೊಂಡಿದ್ದ, ಅವನು ಮಾಡಿಟ್ಟಿದ್ದ ಬಾಳೆಯ ತೋಟ ನೋಡಿಕೊಳ್ಳಲು ಆಯಿಗೆ ಜೊತೆ ಬೇಕು ಎಂಬುದು ಹೇಳಿಕೊಳ್ಳುವ ನೆಪ. ಅಲ್ಲಿಂದಲೇ ಬಸ್ಸಿನಲ್ಲಿ ಓಡಾಡಿ ಕಾಲೇಜು ಓದಿದ, ಹತ್ತಿರದ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದ, ಅಲ್ಲೇ ಉಳಿದ. ರಜೆಗೆ ನಾನು ಹೋದರೆ ಕೆಂಪು ಮಣ್ಣಿನ ಆ ತೋಟ, ಕೆಂಪು ಬಾಳೆಯ ಗೊನೆಗಳು, ಆಯಿಯ ಬಿಸಿ ರೊಟ್ಟಿ. ಅಪ್ಪನೂ ಅಣ್ಣನೂ ಯಾಕೆ ಮಾತಾಡುವುದಿಲ್ಲ ಎಂದು ಆಯಿ ಕೇಳಿದಾಗ ಒಮ್ಮೆ ಎಲ್ಲವನ್ನೂ ಬಿಡಿಸಿ ಹೇಳಲು ನೋಡಿದೆ.

"ಮಂಗ್ಯಾನ ಹೆಸರ ಇಲ್ಲಿ ತಗೀಬ್ಯಾಡವಾ. ಕೇಳಿಸಿಕೊಂಡು ಬಂದ್ರ ಒಂದ್ ಗೊನಿ ಉಳಿಯಂಗಿಲ್ಲ" ಎಂದು ಆಯಿ ನನ್ನ ಬಾಯಿ ಮುಚ್ಚಿಸಿದಳು. ಅಣ್ಣ ಎಷ್ಟೋ ದಿನಗಳ ನಂತರ ಮನಸಾರೆ ನಕ್ಕ. ಮನೆಗೆ ಬಂದು ಅಪ್ಪನಿಗೂ ಹೇಳಿದೆ. ಅವನ ತುಟಿಯ ಮೂಲೆ ಸ್ವಲ್ಪ ಅಲುಗಿತು, ಆಮೇಲೆ ಕೇಳಿದ.

"ಹೊಟ್ಟಿತುಂಬ ಉಣ್ತಾನೇನು ಅಂವ?"

ಅವರಿಬ್ಬರ ಮಾತು ನನ್ನ ಮೂಲಕ ನಡೆಯುತ್ತಿದ್ದದ್ದು ಹೀಗೆ. ಅಣ್ಣ ಗೊನೆ ಕಳಿಸುತ್ತಿದ್ದ, ಅಪ್ಪ ಸಿಪ್ಪೆ ಸುಲಿದು ಒಂದನ್ನು ಪೂರಾ ತಿನ್ನುತ್ತಿದ್ದ, ಹಣ್ಣು ಹೇಗಿತ್ತೆಂದು ನಾನು ಹೇಳಬೇಕಿತ್ತು.

ಇದರ ನಡುವೆ ನನಗೂ ಹದಿಮೂರು ತುಂಬಿತು. ಪಾಯಸವಿತ್ತು. ಅಣ್ಣ ಬಂದಿರಲಿಲ್ಲ. ನಾನು ಬೆಳಿಗ್ಗೆಯೇ ಕುರ್ಚಿ ಒರೆಸಿ ನಡುಮನೆಯಲ್ಲಿ ಇಟ್ಟಿದ್ದೆ. ಊಟವಾದ ಮೇಲೆ ಪುಸ್ತಕವನ್ನೂ ಕತ್ತರಿಯನ್ನೂ ತಂದು ಅಪ್ಪನ ಮುಂದೆ ಇಟ್ಟೆ.

"ಅಪ್ಪಾ, ಇವತ್ತು ನನ್ನ ಪಾಳಿ."

"ನಿನಗ ಬ್ಯಾಡ, ತಾಯಿ."

"ಅಣ್ಣಗ ಓದಿದ್ದಿ."

"ಅದಕ್ಕೇ ಬ್ಯಾಡ."

"ನಾ ಆಮೆನ್ ಅಂತೀನಪ್ಪಾ. ಖರೇ ಅಂತೀನಿ."

ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟು, ಕತ್ತರಿ ತೆಗೆದುಕೊಂಡು ಒಳಗೆ ಹೋದ. ಪಾಠಕ್ಕಾಗಿ ನಾನು ಕೇಳಲಿಲ್ಲ, ಒಂದೇ ಒಂದು ಸಲ ನನಗೆಂದು ಓದಲಿ ಎಂದು ಕೇಳಿದ್ದೆ. ಅದನ್ನು ಹೇಳಲು ನನಗೆ ಆ ವಯಸ್ಸಿನಲ್ಲಿ ಮಾತು ಸಿಗಲಿಲ್ಲ. ಪರೀಕ್ಷೆಯಲ್ಲಿ ಆ ಪಾಠದ ಪ್ರಶ್ನೆಗಳನ್ನು ಬಿಟ್ಟು ಬರೆದೆ. ಮುಂದೆ ನರ್ಸಿಂಗ್ ಓದುವಾಗ ಯಾರೋ ಒಬ್ಬ ಉಪನ್ಯಾಸಕರು ಅದನ್ನು ಅರ್ಧ ಗಂಟೆಯಲ್ಲಿ, ಕೈಗಡಿಯಾರ ನೋಡಿಕೊಳ್ಳುತ್ತ ಹೇಳಿ ಮುಗಿಸಿದರು. ಮೀನಿನ ಪೂರ್ತಿ ಚಿತ್ರವನ್ನೂ ಆಗಲೇ ನೋಡಿದೆ, ಸಾಧಾರಣ ಮೀನು. ನಾನು ಪಾಠವನ್ನೂ ನಂಬುತ್ತೇನೆ, ಸಂಜೆ ಪ್ರಾರ್ಥನೆಯನ್ನೂ ಮಾಡುತ್ತೇನೆ. ನನ್ನಲ್ಲಿ ಅವೆರಡೂ ಜಗಳವಾಡಿಲ್ಲ. ಅವುಗಳ ಹೆಸರಿನಲ್ಲಿ ಜಗಳವಾಡಿದವರನ್ನು ನೆನೆದರೆ ಮಾತ್ರ ದುಃಖ ಉಕ್ಕಿ ಬರುತ್ತದೆ.

ಅವ್ವ ಹೋದ ಮೇಲೆ ಅಪ್ಪ ನನ್ನ ಮನೆಗೆ ಬಂದ. ಕಣ್ಣು ಮಂಜಾಗಿದ್ದವು, ಕಿಡ್ನಿ ಕೈಕೊಟ್ಟಿತ್ತು, ಹಾಸಿಗೆ ಹಿಡಿದ. ಅಣ್ಣ ಪ್ರತಿ ವಾರ ಕಮಲಾಪುರದಿಂದ ಬರತೊಡಗಿದ. ಬಂದು ಅಪ್ಪನ ಗಡ್ಡ ಬೋಳಿಸುತ್ತಿದ್ದ, ಬೆನ್ನು ಒರೆಸುತ್ತಿದ್ದ, ಸೆಖೆ, ಬಸ್ಸು, ಬಾಳೆಯ ಮಾತು ಆಡುತ್ತಿದ್ದ. ಬೇರೆ ಮಾತಿಗೆ ಇಬ್ಬರೂ ಕೈಹಾಕುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಪ್ಪ ಕಣ್ಣು ಮುಚ್ಚಿಕೊಂಡೇ, "ಯಾರರೆ ವಾಕ್ಯ ಓದ್ರಿ" ಅಂದ. ನಾನು ಹಿಟ್ಟಿನ ಕೈ ತೊಳೆದು ಬರುವಷ್ಟರಲ್ಲಿ ಅಣ್ಣ ಪುಸ್ತಕ ತೆಗೆದುಕೊಂಡಿದ್ದ. ದೇವರು ಮನುಷ್ಯನನ್ನು ತನ್ನ ಹೋಲಿಕೆಯಲ್ಲಿ ಮಾಡಿದ ಆ ಪುಟವನ್ನೇ ತೆಗೆದಿದ್ದ, ಮುತ್ಯಾ ಓಣಿಯಲ್ಲೆಲ್ಲ ಓದಿದ ಪುಟ. ಅಣ್ಣ ಓದಿದ. ನಾನು ಬಾಗಿಲಲ್ಲಿ ನಿಂತುಬಿಟ್ಟೆ. ಇಷ್ಟು ವರ್ಷ ಹುಡುಕಿದ್ದ ದನಿ ಅಲ್ಲಿತ್ತು. ಅದೇ ನಿಧಾನ, ಶಬ್ದ ಎತ್ತಿ ಇಡುವ ಅದೇ ರೀತಿ. ಓದು ಮುಗಿಯಿತು. ಅಪ್ಪ ಕಣ್ಣು ತೆರೆದ.

"ಸುಧಾ, ಇದನ್ನ ನೀ ನಂಬ್ತೀಯೇನು?"

"ಇಲ್ಲಪ್ಪಾ."

"ಮತ್ತ ಹಿಂಗ್ಯಾಕ ಓದ್ದಿ?"

"ನನಗ ಬ್ಯಾರೆ ದನಿ ಬರಂಗಿಲ್ಲ."

ಅಪ್ಪ ಕೈ ಚಾಚಿ ಅಣ್ಣನ ಮೊಣಕೈ ಹಿಡಿದುಕೊಂಡ.

"ನನಗೂ ಬರಲಿಲ್ಲೋ, ತಮ್ಮಾ."

ಅಣ್ಣ ಗೋಡೆಯ ಕಡೆ ಮುಖ ತಿರುಗಿಸಿ ಅತ್ತ. ನಾನೂ ಅತ್ತೆ. ಅತ್ತು ಹಗುರಾದ ಮೇಲೆ ನನ್ನೊಳಗಿನ ಹದಿಮೂರರ ಹುಡುಗಿ ಎದ್ದು ನಿಂತಳು. ಅಲಮಾರಿಯಲ್ಲಿ ಅವ್ವನ ಸೀರೆಗಳ ಕೆಳಗಿದ್ದ ವಿಜ್ಞಾನದ ಪುಸ್ತಕ ತಂದು ಅಪ್ಪನ ಕೈಯಲ್ಲಿಟ್ಟೆ. ಅವನ ಬೆರಳು ಅಂಚಿನ ಹೊಲಿಗೆಯ ಮೇಲೆ ಒಂದೊಂದೇ ಗಂಟು ಹಾಯ್ದು ಹೋಯಿತು.

"ನಿಮ್ಮವ್ವನ ಕೈದು. ಭಾಳ ಗಟ್ಟಿ ಹೊಲಿದಾಳ."

"ನನಗೊಂದೀಟು ಓದಪ್ಪಾ. ನಾಕೇ ನಾಕು ಸಾಲು."

"ಕಣ್ಣಿಗಿ ಕಾಣಂಗಿಲ್ಲವಾ. ಸುಧಾ ಓದ್ತಾನ, ಅಂವಂದೂ ಅದೇ ದನಿ."

"ನೀನೇ ಓದಬೇಕು."

ಅಪ್ಪ ನಕ್ಕ. ಎಷ್ಟೋ ವರ್ಷದ ಹಿಂದೆ ಕರೆಂಟ್ ಬಿಲ್ಲಿಗೆ ನಕ್ಕ ಹಾಗೆ.

"ಆತು. ನಾಳಿ ಮುಂಜಾನಿ ಬೆಳಕಿನ್ಯಾಗ ನೋಡೂಣ. ಚಷ್ಮಾ ಒರಸಿಡು."

ನಾನು ಚಷ್ಮಾ ಒರೆಸಿ, ಪುಸ್ತಕದ ಮೇಲೆ ಇಟ್ಟೆ. ಬೆಳಿಗ್ಗೆ ಅಪ್ಪನಿಗೆ ಎಚ್ಚರವಿರಲಿಲ್ಲ. ಮತ್ತೆ ಎಚ್ಚರವಾಗಲೂ ಇಲ್ಲ. ಮಣ್ಣು ಮಾಡಿ ಬಂದ ದಿನ ಅಣ್ಣ ಆ ಪುಸ್ತಕವನ್ನು ಕೈಗೆತ್ತಿಕೊಂಡು, "ಓದ್ಲೇನು, ಕೃಪಾ?" ಎಂದು ಕೇಳಿದ. ಬೇಡ ಅಂದೆ. ದಾರ ಈಗಲೂ ಹಾಗೇ ಇದೆ.

ನನ್ನ ಮಗಳು ಹೊರಗಿನ ಶಾಲೆಗೇ ಹೋಗುತ್ತಾಳೆ. ಹೋದ ವಾರ ರೊಟ್ಟಿ ತಿನ್ನುತ್ತ, ಎದುರಿಗೆ ತೆರೆದಿಟ್ಟ ಪುಸ್ತಕದಲ್ಲಿ ಆ ಮೀನಿನ ಚಿತ್ರದ ಮೇಲೆ ಹಿಂಡಿ ಚಟ್ನಿ ಹತ್ತಿದ ಬೆರಳಿಟ್ಟಳು.

"ಮಮ್ಮಿ, ಇದು ನಿನಗ ಗೊತ್ತದೇನು?"

"ಗೊತ್ತದ."

"ನಿನಗ್ಯಾರು ಓದಿ ಹೇಳಿದ್ರು? ಮುತ್ಯಾ ಏನು?"

ನನ್ನ ಅಪ್ಪ ಅವಳಿಗೆ ಮುತ್ಯಾ. ನಾನು ಅವಳ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ.

"ಮುತ್ಯಾನೇ ಓದಿದ್ದ. ಆದ್ರ ನನಗಲ್ಲ. ನಾ ಬಾಗಲಾ ಹಿಂದ ಕುಂತು ಕೇಳೀನಿ."